ಎಂ ವರ್ಗದ ಜ್ವಾಲೆ ಬಿಟ್ಟು, ಮಾಯವಾದ ಫಿಲಮೆಂಟಿನ ಹಿಂದೆ ಹೋದ ತಂಡ: ಒಂದು ಪ್ರಕರಣ ಅಧ್ಯಯನ

ಸೂರ್ಯನ ಮೇಲೆ ಒಂದೇ ಬೆಳಿಗ್ಗೆ ಎರಡು ಘಟನೆ ನಡೆದವು. ಒಂದು ಜ್ವಾಲೆ, ಅಂದರೆ ಸೂರ್ಯನ ಮೇಲೆ ದಿಢೀರನೆ ಏಳುವ ಹೊಳಪು, ಎಲ್ಲರ ಫೋನಿಗೂ ಎಚ್ಚರಿಕೆ ಕಳಿಸಿತು. ಇನ್ನೊಂದು, ಫಿಲಮೆಂಟ್ ಅನ್ನುವ ಕಪ್ಪು ಗೆರೆಯಂಥ ಅನಿಲದ ಪಟ್ಟಿ ಸಿಡಿದದ್ದು, ಸದ್ದಿಲ್ಲದೆ ಆಯಿತು. ಭೂಮಿಗೆ ಬಂದು ತಟ್ಟಿದ್ದು ಎರಡನೆಯದು. ಅದನ್ನು ಒಂದು ಚಿಕ್ಕ ಹವ್ಯಾಸಿ ತಂಡ ಹೇಗೆ ಹಿಡಿಯಿತು, ಎಲ್ಲೆಲ್ಲಿ ದಾರಿ ತಪ್ಪುವ ಸಂಭವ ಇತ್ತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಹೆಸರು, ಊರು, ತಾರೀಖು ಬೇಕೆಂದೇ ಬಿಟ್ಟಿದ್ದೇನೆ. ತಂಡದ ದಾಖಲೆ ಪುಸ್ತಕ ಮತ್ತು ಕ್ಯಾಮೆರಾ ಫೈಲುಗಳೇ ಇದಕ್ಕೆ ಆಧಾರ.

ಹಿನ್ನೆಲೆ

ತಂಡದಲ್ಲಿ ನಾಲ್ಕು ಜನ. ಒಬ್ಬರು ಹಿರಿಯ ವೀಕ್ಷಕಿ, ಸೂರ್ಯನನ್ನು ಬಹಳ ವರ್ಷಗಳಿಂದ ನೋಡುತ್ತಾ ಬಂದವರು. ಇನ್ನೊಬ್ಬರು ಕ್ಯಾಮೆರಾ ನೋಡಿಕೊಳ್ಳುವವರು. ಉಳಿದ ಇಬ್ಬರು ಹೊಸಬರು. ಅವರ ಹತ್ತಿರ ಎರಡು ಟೆಲಿಸ್ಕೋಪ್ ಇದ್ದವು, ಎರಡೂ ಹೈಡ್ರೋಜನ್ ಆಲ್ಫಾ (ಹೈಡ್ರೋಜನ್ ಅನಿಲದ ಒಂದು ಕೆಂಪು ಬೆಳಕು) ಬೆಳಕಿನಲ್ಲಿ ನೋಡುವಂಥವು. ದೊಡ್ಡದಕ್ಕೆ ಕ್ಯಾಮೆರಾ ಹಾಕಿದ್ದರು. ಚಿಕ್ಕದರಲ್ಲಿ ಇಡೀ ಸೂರ್ಯ ಒಂದೇ ನೋಟಕ್ಕೆ ಸಿಗುತ್ತಿತ್ತು, ಅದಕ್ಕೆ ಕಣ್ಣಿಟ್ಟು ನೋಡುವುದು ಹೊಸಬರ ಪಾಳಿ. ದಿನಾ ಶುರು ಮಾಡುವ ಮೊದಲು ಫಿಲ್ಟರುಗಳಲ್ಲಿ ಗೀರು, ತೂತು ಇದೆಯಾ ಅಂತ ನೋಡಿ, ಗುರಿ ಹಿಡಿಯುವ ಚಿಕ್ಕ ದುರ್ಬೀನಿಗೆ ಮುಚ್ಚಳ ಹಾಕಿ, ಆಮೇಲೆ ಮಾತ್ರ ಸೂರ್ಯನ ಕಡೆ ತಿರುಗಿಸುತ್ತಿದ್ದರು. ಈ ಶಿಸ್ತಿನಲ್ಲಿ ರಾಜಿ ಇರಲಿಲ್ಲ. ಇರಬಾರದು ಕೂಡ, ಕಣ್ಣು ಹೋದರೆ ವಾಪಸ್ ಬರಲ್ಲ.

ಅವರ ಕೆಲಸ ಸರಳವಾಗಿತ್ತು. ಜ್ವಾಲೆ ಕಂಡರೆ ಹೊತ್ತು, ಜಾಗ, ಆಕಾರ ಬರೆದಿಡುವುದು. ಜೊತೆಗೆ ಶಾರ್ಟ್‌ವೇವ್ ರೇಡಿಯೋ ಹವ್ಯಾಸ ಇರುವ ಗೆಳೆಯರಿಗೆ ದಿನಕ್ಕೊಂದು ಚಿಕ್ಕ ಟಿಪ್ಪಣಿ ಕಳಿಸುವುದು. ರೇಡಿಯೋದವರಿಗೆ ಇದು ಬೇಕೇ ಬೇಕು. ಜೋರು ಜ್ವಾಲೆ ಆದರೆ ಅದರ ಎಕ್ಸ್‌-ರೇ ಬೆಳಕಿನ ವೇಗದಲ್ಲಿ, ಸುಮಾರು 8 ನಿಮಿಷ 20 ಸೆಕೆಂಡಿನಲ್ಲಿ ಇಲ್ಲಿಗೆ ಬರುತ್ತದೆ. ಹಗಲಿರುವ ಕಡೆ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶ ಇರುವ ಪದರ) ಕೆಳಭಾಗ ಗಟ್ಟಿಯಾಗಿ ಶಾರ್ಟ್‌ವೇವ್ ಸದ್ದನ್ನು ನುಂಗಿಬಿಡುತ್ತದೆ.

ಜ್ವಾಲೆಯ ದೊಡ್ಡಸ್ತಿಕೆ ಅಳೆಯಲು ಎಲ್ಲರೂ ಬಳಸುವುದು ಗೋಸ್ ಉಪಗ್ರಹಗಳ ಎಕ್ಸ್‌-ರೇ ಗ್ರಾಫ್. 1ರಿಂದ 8 ಆಂಗ್‌ಸ್ಟ್ರಾಮ್ (ಬೆಳಕಿನ ಅಲೆಯುದ್ದ ಅಳೆಯುವ ಅತಿ ಚಿಕ್ಕ ಮಾನ) ಅಲೆಯುದ್ದದಲ್ಲಿ ಎಷ್ಟು ಎಕ್ಸ್‌-ರೇ ಬಂತು ಅನ್ನೋದರ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಎ, ಬಿ, ಸಿ, ಎಂ, ಎಕ್ಸ್ ಅಂತ ವರ್ಗ. ಒಂದೊಂದು ವರ್ಗಕ್ಕೂ ಹತ್ತು ಪಟ್ಟು ವ್ಯತ್ಯಾಸ. ತಂಡದವರು ಎಂ ವರ್ಗ ಮುಟ್ಟಿದರೆ ಫೋನಿನಲ್ಲಿ ಎಚ್ಚರಿಕೆ ಬರುವ ಹಾಗೆ ಮಾಡಿಟ್ಟಿದ್ದರು.

ಆ ವಾರ ಸೂರ್ಯನ ಮಧ್ಯಭಾಗಕ್ಕೆ ಹತ್ತಿರ ಒಂದು ದೊಡ್ಡ ಕಲೆಗಳ ಗುಂಪು ಬಂದಿತ್ತು. ದೊಡ್ಡ ಟೆಲಿಸ್ಕೋಪ್ ಬೆಳಿಗ್ಗೆಯಿಂದ ಅದರ ಮೇಲೇ ಇತ್ತು. ಸಹಜವೇ ಅಲ್ವಾ, ಜ್ವಾಲೆ ಬರುವುದಾದರೆ ಅಲ್ಲಿಂದಲೇ ಬರಬೇಕು ಅಂತ ಎಲ್ಲರ ಲೆಕ್ಕ. ಕಲೆಗಳಿಂದ ಬಹಳ ದೂರ, ದಕ್ಷಿಣಾರ್ಧದಲ್ಲಿ, ಒಂದು ಉದ್ದನೆಯ ಕಪ್ಪು ಫಿಲಮೆಂಟ್ ಹಲವು ದಿನಗಳಿಂದ ತಣ್ಣಗೆ ಮಲಗಿತ್ತು. ಅದನ್ನು ಪುಸ್ತಕದಲ್ಲಿ ಒಂದು ಗೆರೆ ಎಳೆದು ಗುರುತಿಸಿದ್ದು ಬಿಟ್ಟರೆ ಯಾರೂ ಜಾಸ್ತಿ ತಲೆ ಕೆಡಿಸಿಕೊಂಡಿರಲಿಲ್ಲ.

ಸಮಸ್ಯೆ: ಗೆರೆ ಕಾಣುತ್ತಿಲ್ಲ

ಚಿಕ್ಕ ಟೆಲಿಸ್ಕೋಪಿನಲ್ಲಿದ್ದ ಹೊಸ ಹುಡುಗ ಮೊದಲು ಹೇಳಿದ್ದು ಇಷ್ಟೇ: "ಮೇಡಂ, ಕೆಳಗಿನ ಗೆರೆ ಮಧ್ಯದಲ್ಲಿ ಕಟ್ ಆಗಿದೆ." ಅವನ ಪಾಳಿ ಶುರುವಾದಾಗ ಗೆರೆ ಪೂರ್ತಿ ಇತ್ತು. ಈಗ ನಡುವಿನ ಭಾಗ ತೆಳುವಾಗಿ, ಆಮೇಲೆ ಇಲ್ಲವೇ ಇಲ್ಲ ಅನ್ನುವ ಹಾಗಾಗಿತ್ತು.

ಎಕ್ಸ್‌-ರೇ ಗ್ರಾಫ್ ನೋಡಿದರೆ ಏನೂ ಇಲ್ಲ. ಸೂರ್ಯ ಚುರುಕಾಗಿರುವ ಕಾಲದಲ್ಲಿ ಗ್ರಾಫಿನ ತಳಮಟ್ಟವೇ ಸಿ ವರ್ಗದ ಹತ್ತಿರ ಇರುತ್ತದೆ. ಆ ದಿನವೂ ಹಾಗೇ ಇತ್ತು. ಹಾಗಾಗಿ ಮೊದಲ ಅನುಮಾನ ಹೋಗಿದ್ದು ಉಪಕರಣದ ಮೇಲೆ.

ಆ ಅನುಮಾನಕ್ಕೆ ಕಾರಣ ಇತ್ತು. ಹೈಡ್ರೋಜನ್ ಆಲ್ಫಾ ಬೆಳಕು ಇರುವುದು 6562.8 ಆಂಗ್‌ಸ್ಟ್ರಾಮಿನಲ್ಲಿ. ಇವರ ಫಿಲ್ಟರ್ ಅದರ ಸುತ್ತ 0.7 ಆಂಗ್‌ಸ್ಟ್ರಾಮಿನಷ್ಟು ಕಿರಿದಾದ ಪಟ್ಟಿಯನ್ನು ಮಾತ್ರ ಒಳಗೆ ಬಿಡುತ್ತದೆ. ಬಿಸಿಲಿಗೆ ಫಿಲ್ಟರ್ ಕಾದರೂ, ತಿರುಪು ಸ್ವಲ್ಪ ಸಡಿಲವಾದರೂ ಪಟ್ಟಿ ಸರಿಯುತ್ತದೆ, ಫಿಲಮೆಂಟುಗಳು ಮಸುಕಾಗುತ್ತವೆ. ಅದೂ ಅಲ್ಲದೆ ಚಿಕ್ಕ ಟೆಲಿಸ್ಕೋಪುಗಳಲ್ಲಿ ನೋಟದ ಎಲ್ಲ ಭಾಗವೂ ಒಂದೇ ಅಲೆಯುದ್ದಕ್ಕೆ ಹೊಂದಿರುವುದಿಲ್ಲ. ಒಂದು ಕಡೆ ಚೆನ್ನಾಗಿ ಕಾಣುತ್ತದೆ, ಇನ್ನೊಂದು ಕಡೆ ಮಂಕು.

ಬಹಳ ಕಡೆ ಇಂಥ ಹೊತ್ತಿನಲ್ಲಿ "ಟ್ಯೂನಿಂಗ್ ಹೋಗಿದೆ" ಅಂತ ಹೇಳಿ ತಿರುಪನ್ನು ಅತ್ತಿತ್ತ ತಿರುಗಿಸಿಬಿಡುತ್ತಾರೆ. ಆಗ ಮೊದಲು ಏನಿತ್ತು ಅನ್ನುವ ಗುರುತೇ ಉಳಿಯುವುದಿಲ್ಲ. ಹಿರಿಯ ವೀಕ್ಷಕಿ ಹುಡುಗನಿಗೆ ಕೊಟ್ಟ ಮೊದಲ ಸೂಚನೆ, "ಯಾವುದನ್ನೂ ಮುಟ್ಟಬೇಡ. ಬೇರೆ ಗೆರೆಗಳು ಕಾಣ್ತಿವೆಯಾ ಹೇಳು." ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಒಂದು ಮಾತು.

ಬೇರೆ ಫಿಲಮೆಂಟುಗಳು ಮೊದಲಿನಷ್ಟೇ ಕಪ್ಪಾಗಿದ್ದವು. ಫಿಲ್ಟರ್ ಪೂರ್ತಿ ಹೊಂದಿಕೆ ತಪ್ಪಿದ್ದರೆ ಎಲ್ಲವೂ ಒಟ್ಟಿಗೆ ಮಂಕಾಗಬೇಕಿತ್ತು. ಮುಂದಿನ ಹೆಜ್ಜೆ, ಟೆಲಿಸ್ಕೋಪನ್ನು ಚೂರು ಸರಿಸಿ ಆ ಫಿಲಮೆಂಟಿನ ಜಾಗವನ್ನು ನೋಟದ ಅತ್ಯುತ್ತಮ ಭಾಗಕ್ಕೆ ತಂದರು. ಆಗಲೂ ಗೆರೆಯ ನಡುಭಾಗ ಕಾಣಲಿಲ್ಲ. ಅಲ್ಲಿಗೆ ಉಪಕರಣದ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಸೂರ್ಯನ ಮೇಲೇ ಏನೋ ಆಗಿದೆ.

ನೀಲಿ ಕಡೆಗೆ ತಿರುಗಿಸಿದ್ದು

ಫಿಲಮೆಂಟ್ ಅಂದರೆ ಕಾಂತಕ್ಷೇತ್ರ ಎತ್ತಿ ಹಿಡಿದಿರುವ ತಂಪು, ದಟ್ಟ ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಇರುವ ಅನಿಲ. ತಂಪು ಅಂದರೂ ಸಾವಿರಾರು ಡಿಗ್ರಿ. ಸುತ್ತಲಿನ ಕರೋನಾ (ಸೂರ್ಯನ ಹೊರ ವಾತಾವರಣ) ಹತ್ತು ಲಕ್ಷ ಡಿಗ್ರಿ ದಾಟಿರುವುದರಿಂದ ಅದಕ್ಕೆ ಹೋಲಿಸಿ ಈ ಮಾತು. ಕೆಳಗಿನ ಹೈಡ್ರೋಜನ್ ಆಲ್ಫಾ ಬೆಳಕನ್ನು ಅದು ಹೀರಿಕೊಳ್ಳುತ್ತದೆ, ಅದಕ್ಕೇ ಕಪ್ಪಾಗಿ ಕಾಣುತ್ತದೆ. ಅದೇ ಸೂರ್ಯನ ಅಂಚಿಗೆ ಬಂದಾಗ ಹೊಳೆಯುವ ಪ್ರಾಮಿನೆನ್ಸ್ ಆಗಿ ಕಾಣುತ್ತದೆ.

ಇಂಥದ್ದು ಕಣ್ಮರೆಯಾಗಲು ಎರಡು ದಾರಿ ಇವೆ. ಒಂದು, ಕಾದು ಹೋಗುವುದು. ಬಿಸಿ ಏರಿದರೆ ಹೈಡ್ರೋಜನ್ ಅಯಾನೀಕರಣವಾಗಿ ಬೆಳಕು ಹೀರುವುದು ನಿಲ್ಲುತ್ತದೆ. ಮತ್ತೆ ತಣ್ಣಗಾದರೆ ಕೆಲವು ಗಂಟೆಗಳಲ್ಲಿ ಅದೇ ಜಾಗದಲ್ಲಿ ಮರಳಿ ಕಾಣಿಸಬಹುದು. ಇನ್ನೊಂದು, ಮೇಲಕ್ಕೆ ಏಳುವುದು. ನಮ್ಮ ಕಡೆ ಬರುತ್ತಿರುವ ಪ್ಲಾಸ್ಮಾ ಹೀರುವ ಅಲೆಯುದ್ದ ಡಾಪ್ಲರ್ ಪರಿಣಾಮದಿಂದ ನೀಲಿ ಕಡೆಗೆ ಸರಿಯುತ್ತದೆ. ರೇಡಿಯೋ ಸ್ಟೇಷನ್ ತನ್ನ ತರಂಗವನ್ನೇ ಬದಲಾಯಿಸಿದರೆ ಹಳೇ ಜಾಗದಲ್ಲಿ ಮುಳ್ಳು ಇಟ್ಟವರಿಗೆ ಏನೂ ಕೇಳಿಸುವುದಿಲ್ಲ, ಹಾಗೆ. ಹೈಡ್ರೋಜನ್ ಆಲ್ಫಾದಲ್ಲಿ ಸೆಕೆಂಡಿಗೆ ಸುಮಾರು 46 ಕಿ.ಮೀ. ವೇಗಕ್ಕೆ 1 ಆಂಗ್‌ಸ್ಟ್ರಾಮ್ ಸರಿತ. 0.7 ಆಂಗ್‌ಸ್ಟ್ರಾಮ್ ಪಟ್ಟಿಯ ಫಿಲ್ಟರಿನಲ್ಲಿ ನಡುವಿನಿಂದ ಅಂಚಿಗೆ ಇರುವುದು 0.35 ಮಾತ್ರ. ಅಂದರೆ ಸೆಕೆಂಡಿಗೆ 16 ಕಿ.ಮೀ. ವೇಗ ಬಂದರೆ ಸಾಕು, ಫಿಲಮೆಂಟ್ ಕೈತಪ್ಪಲು ಶುರು.

ಎರಡರಲ್ಲಿ ಯಾವುದು ಅಂತ ತಿಳಿಯಲು ಫಿಲ್ಟರನ್ನು ನೀಲಿ ಕಡೆಗೆ ಒಯ್ದು ನೋಡಬೇಕು. ಸಾಮಾನ್ಯವಾಗಿ 1 ಆಂಗ್‌ಸ್ಟ್ರಾಮ್ ಆಚೆ ಹೋದರೆ ಸುಮ್ಮನೆ ಮಲಗಿರುವ ಫಿಲಮೆಂಟ್ ಯಾವುದೂ ಕಾಣುವುದಿಲ್ಲ. ಕಲೆಗಳು ಮತ್ತು ಸೂರ್ಯನ ಮೇಲ್ಮೈಯ ಕಾಳುಕಾಳಾದ ಹೊಳಪು ಅಷ್ಟೇ ಕಾಣುವುದು. ಅಲ್ಲಿ ಕಪ್ಪು ಪಟ್ಟಿ ಕಂಡರೆ, ಅದು ನಮ್ಮ ಕಡೆಗೆ ಧಾವಿಸುತ್ತಿರುವ ವಸ್ತು.

ಈ ಕೆಲಸಕ್ಕೆ ದೊಡ್ಡ ಟೆಲಿಸ್ಕೋಪ್ ಬೇಕಿತ್ತು. ಕ್ಯಾಮೆರಾ ನೋಡಿಕೊಳ್ಳುವವರಿಗೆ ಕಲೆಗಳ ಗುಂಪನ್ನು ಬಿಟ್ಟು ಬರಲು ಇಷ್ಟವಿರಲಿಲ್ಲ. ಬೆಳಿಗ್ಗೆಯಿಂದ ಕಾದಿದ್ದರು. "ಐದು ನಿಮಿಷ ಕೊಡಿ, ಸಿಗದಿದ್ದರೆ ವಾಪಸ್ ಹೋಗಿ" ಅಂದರು ಹಿರಿಯ ವೀಕ್ಷಕಿ. ಕ್ಯಾಮೆರಾದವರು ಟೆಲಿಸ್ಕೋಪ್ ತಿರುಗಿಸಿದರು, ತಿರುಪನ್ನು ನೀಲಿ ಕಡೆಗೆ ನಿಧಾನವಾಗಿ ಒಯ್ದರು. ಪರದೆಯ ಮೇಲೆ ಉಳಿದ ಫಿಲಮೆಂಟುಗಳು ಒಂದೊಂದಾಗಿ ಅಳಿಸಿಹೋದವು. ಕಾಣದೇ ಹೋಗಿದ್ದ ಆ ನಡುಭಾಗ ಮಾತ್ರ, ಕಮಾನಿನ ಹಾಗೆ ಬಾಗಿ, ಕಪ್ಪಾಗಿ ಮೂಡಿತು.

ಫೋನ್ ಸದ್ದು ಮಾಡಿದ್ದು ಅದೇ ಹೊತ್ತಿಗೆ. ಎಂ ವರ್ಗ. ಕಲೆಗಳ ಗುಂಪಿನಲ್ಲಿ ಜ್ವಾಲೆ ಶುರುವಾಗಿತ್ತು.

ಯಾವುದನ್ನು ಹಿಡಿಯುವುದು?

ಒಂದೇ ಕ್ಯಾಮೆರಾ, ಎರಡು ಘಟನೆ. ಇದೇ ಈ ಪ್ರಕರಣದ ಮುಖ್ಯ ತಿರುವು. ತಂಡದ ಪದ್ಧತಿ ಪ್ರಕಾರ ಎಂ ಎಚ್ಚರಿಕೆ ಬಂದರೆ ದೊಡ್ಡ ಟೆಲಿಸ್ಕೋಪ್ ಆ ಕಡೆ ಹೋಗಬೇಕು. ಹೊಸಬರಿಬ್ಬರೂ ಅದನ್ನೇ ನೆನಪಿಸಿದರು.

ಹಿರಿಯ ವೀಕ್ಷಕಿ ಫಿಲಮೆಂಟಿನ ಮೇಲೇ ಇರಲಿ ಅಂದರು. ಅವರು ಕೊಟ್ಟ ಕಾರಣ ದಾಖಲೆ ಪುಸ್ತಕದಲ್ಲಿದೆ. ಕಲೆಗಳ ಗುಂಪನ್ನು ಜಗತ್ತಿನಾದ್ಯಂತ ಎಷ್ಟೋ ಕಣ್ಣುಗಳು ನೋಡುತ್ತಿವೆ, ಅದರ ಎಕ್ಸ್‌-ರೇ ಗ್ರಾಫ್ ತಾನಾಗಿ ದಾಖಲಾಗುತ್ತದೆ. ನೀಲಿ ಕಡೆಯ ಹೈಡ್ರೋಜನ್ ಆಲ್ಫಾ ಚಿತ್ರ ಈ ಹೊತ್ತು ಕೈಯಲ್ಲಿರುವುದು ನಮಗೆ. ಬಿಟ್ಟರೆ ಸಿಗಲ್ಲ. ಜ್ವಾಲೆಯನ್ನು ಚಿಕ್ಕ ಟೆಲಿಸ್ಕೋಪಿನಲ್ಲಿ ನೋಡಿ ಹೊತ್ತು ಬರೆದುಕೊಂಡರೆ ಸಾಕು.

ಇದು ಸುಲಭದ ತೀರ್ಮಾನ ಅಲ್ಲ. ಜ್ವಾಲೆ ಅಂದರೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡಿಸುವ ಬಿರುಗಾಳಿ ಅನ್ನುವ ನಂಟು ನಮ್ಮ ತಲೆಯಲ್ಲಿ ಬಹಳ ಹಳೆಯದು. 1859ರ ಸೆಪ್ಟೆಂಬರ್ 1ರಂದು ರಿಚರ್ಡ್ ಕ್ಯಾರಿಂಗ್ಟನ್ ಮತ್ತು ರಿಚರ್ಡ್ ಹಾಡ್ಜ್‌ಸನ್ ಬೇರೆ ಬೇರೆ ಕಡೆಯಿಂದ ಬಿಳಿ ಬೆಳಕಿನಲ್ಲೇ ಒಂದು ಜ್ವಾಲೆ ಕಂಡರು. ಹದಿನೇಳೂವರೆ ಗಂಟೆ ಆಗುತ್ತಲೇ ಭೂಮಿಯ ಕಾಂತಕ್ಷೇತ್ರ ಅಲ್ಲಾಡಿಹೋಯಿತು. ಸೂರ್ಯನಿಂದ ದ್ರವ್ಯದ ಮೋಡವೇ ಕಿತ್ತು ಹೊರಬರುತ್ತದೆ, ಬಿರುಗಾಳಿ ತರುವುದು ಅದು ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. ಅಂಥ ಮೋಡವನ್ನು, ಈಗ ನಾವು ಸಿಎಂಇ (ಕರೋನಲ್ ಮಾಸ್ ಇಜೆಕ್ಷನ್) ಅನ್ನುವುದನ್ನು, ಬಾಹ್ಯಾಕಾಶದಿಂದ ಮೊದಲು ಕಂಡಿದ್ದು 1971ರಲ್ಲಿ, ಓಎಸ್‌ಓ-7 ಉಪಗ್ರಹದ ಮೂಲಕ. ಅಲ್ಲಿಯವರೆಗೆ ಎಲ್ಲ ಹೊಣೆಯೂ ಜ್ವಾಲೆಯ ಹೆಸರಿಗೇ ಬಿದ್ದಿತ್ತು.

ಎರಡೂ ಬೇರೆ ಬೇರೆ ಅನ್ನೋದಕ್ಕೆ ಇತ್ತೀಚಿನ ಎರಡು ಉದಾಹರಣೆ ಸಾಕು. 2014ರ ಅಕ್ಟೋಬರಿನಲ್ಲಿ 12192 ಸಂಖ್ಯೆಯ ಬೃಹತ್ ಕಲೆಗಳ ಗುಂಪು ಆರು ಎಕ್ಸ್ ವರ್ಗದ ಜ್ವಾಲೆ ಕೊಟ್ಟಿತು. ಅವುಗಳಲ್ಲಿ ದೊಡ್ಡದು ಅಕ್ಟೋಬರ್ 24ರ ಎಕ್ಸ್ 3.1. ಅದರ ಜೊತೆ ಸಿಎಂಇ ಬರಲೇ ಇಲ್ಲ. ಮೇಲಿದ್ದ ಬಲವಾದ ಕಾಂತಕ್ಷೇತ್ರ ಎಲ್ಲವನ್ನೂ ಅದುಮಿ ಹಿಡಿದಿತ್ತು. ಇತ್ತ 2012ರ ಆಗಸ್ಟ್ 31ರಂದು ಒಂದು ಉದ್ದನೆಯ ಫಿಲಮೆಂಟ್ ಸಿಡಿದು ಸೆಕೆಂಡಿಗೆ 1,400 ಕಿ.ಮೀ. ದಾಟಿದ ಸಿಎಂಇ ಹೊರಟಿತು. ಎಕ್ಸ್‌-ರೇ ಲೆಕ್ಕದಲ್ಲಿ ಅದು ಸಿ ವರ್ಗ ಅಷ್ಟೇ. ಸೆಪ್ಟೆಂಬರ್ 3ರ ರಾತ್ರಿ ಧ್ರುವಪ್ರಭೆ ಕಾಣಿಸಿತು.

ಏನಾಯಿತು

ಎಂ ಜ್ವಾಲೆ ಗ್ರಾಫಿನಲ್ಲಿ ಚೂಪಾಗಿ ಏರಿ ಬೇಗನೆ ಇಳಿಯಿತು. ರೇಡಿಯೋ ಗೆಳೆಯರು ಸ್ವಲ್ಪ ಹೊತ್ತು ಶಾರ್ಟ್‌ವೇವ್ ಮಂಕಾಯಿತು ಅಂತ ತಿಳಿಸಿದರು. ಅಲ್ಲಿಗೆ ಆ ಕತೆ ಮುಗಿಯಿತು.

ಫಿಲಮೆಂಟಿನ ಕಮಾನು ನೀಲಿ ಚಿತ್ರಗಳಲ್ಲೂ ಮಸುಕಾಗುತ್ತಾ ಹೋಯಿತು. ವೇಗ ಜಾಸ್ತಿಯಾಗಿ ಅಲ್ಲಿಂದಲೂ ಆಚೆ ಸರಿದಿತ್ತು. ಕ್ಯಾಮೆರಾದವರು ತಿರುಪನ್ನು ಮತ್ತೆ ನಡುವಿಗೆ ತಂದರು. ಆಗ ಕಂಡಿದ್ದನ್ನು ತಂಡದ ಯಾರೂ ಮರೆಯುವ ಹಾಗಿಲ್ಲ. ಫಿಲಮೆಂಟ್ ಇದ್ದ ಜಾಗದ ಎರಡೂ ಬದಿಯಲ್ಲಿ ಎರಡು ತೆಳು ಹೊಳೆಯುವ ಪಟ್ಟಿಗಳು ಮೂಡಿದ್ದವು. ಹೊತ್ತು ಕಳೆದಂತೆ ಒಂದರಿಂದ ಒಂದು ದೂರ ಸರಿಯುತ್ತಿದ್ದವು. ಕಿತ್ತುಹೋದ ಕಾಂತರೇಖೆಗಳು ಫಿಲಮೆಂಟಿನ ಕೆಳಗೆ ಮತ್ತೆ ಕೂಡಿಕೊಳ್ಳುತ್ತವೆ, ಬಿಡುಗಡೆಯಾದ ಶಕ್ತಿ ಅವುಗಳ ಬುಡಕ್ಕೆ ಬಂದು ವರ್ಣಮಂಡಲವನ್ನು, ಅಂದರೆ ಸೂರ್ಯನ ಮೇಲ್ಮೈಗೆ ತುಸು ಮೇಲಿನ ಪದರವನ್ನು, ಬೆಳಗಿಸುತ್ತದೆ. ಮೊದಲು ಒಳಗಿನ ಕಮಾನು, ಆಮೇಲೆ ಹೊರಗಿನದು. ಹಾಗಾಗಿ ಬುಡಗಳು ದೂರ ದೂರ ಹೋಗುತ್ತವೆ. ಕಲೆಗಳೇ ಇಲ್ಲದ ಜಾಗದಲ್ಲಿ ಇಂಥ ಪಟ್ಟಿ ಕಂಡರೆ, ಮೇಲೆ ಏನೋ ಹಾರಿಹೋಗಿದೆ ಅಂತಲೇ ಅರ್ಥ. ಎಕ್ಸ್‌-ರೇ ಗ್ರಾಫಿನಲ್ಲಿ ಇದು ಸಿ ವರ್ಗದ ಒಂದು ಉದ್ದನೆಯ, ಮೊಂಡು ಉಬ್ಬು. ಗಂಟೆಗಟ್ಟಲೆ ಎಳೆಯಿತು. ಗ್ರಾಫ್ ಮಾತ್ರ ನೋಡುವವರು ಅದನ್ನು ಎಂ ಜ್ವಾಲೆಯ ಬಾಲ ಅಂದುಕೊಳ್ಳುವುದು ಸುಲಭ.

ಸೋಹೋ ನೌಕೆಯ ಲ್ಯಾಸ್ಕೋ ಕರೋನಾಗ್ರಾಫ್ ಚಿತ್ರಗಳು ತಡವಾಗಿ ಬಂದವು. ಸೂರ್ಯನ ಬಿಂಬವನ್ನು ತಟ್ಟೆಯಿಂದ ಮರೆಮಾಡಿ ಸುತ್ತಲಿನ ಕರೋನಾವನ್ನಷ್ಟೇ ತೋರಿಸುವ ಉಪಕರಣ ಅದು. ಬರಿಗಣ್ಣಿಗೆ ಚಿತ್ರದಲ್ಲಿ ಏನೂ ಸ್ಪಷ್ಟವಿರಲಿಲ್ಲ. ಒಂದು ಚಿತ್ರದಿಂದ ಹಿಂದಿನ ಚಿತ್ರವನ್ನು ಕಳೆದು ನೋಡಿದಾಗ ಬಿಂಬದ ಸುತ್ತ ಪೂರ್ತಿ ಉಂಗುರ, ದಕ್ಷಿಣಕ್ಕೆ ತುಸು ದಪ್ಪ. ಇದನ್ನು ಹೇಲೋ ಅನ್ನುತ್ತಾರೆ. ನೇರ ನಮ್ಮ ಕಡೆ ಬರುತ್ತಿದ್ದರೂ ಹೀಗೇ ಕಾಣುತ್ತದೆ, ಸೂರ್ಯನ ಹಿಂಬದಿಯಿಂದ ಆಚೆಗೆ ಹೋಗುತ್ತಿದ್ದರೂ ಹೀಗೇ ಕಾಣುತ್ತದೆ. ಈ ಉಂಗುರದ ಚಿತ್ರ ಒಂದನ್ನೇ ಇಟ್ಟುಕೊಂಡು ಹೇಳಲು ಆಗುವುದಿಲ್ಲ.

ಇಲ್ಲೇ ಎರಡನೇ ತಿರುವು. ಉಂಗುರದ ಅಂಚು ಒಂದೊಂದು ಚಿತ್ರದಲ್ಲೂ ಸೂರ್ಯನಿಂದ ಎಷ್ಟು ದೂರ ಇದೆ ಅಂತ ಅಳೆದು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟರು. ಸೂರ್ಯನ ತ್ರಿಜ್ಯ ಸುಮಾರು 7 ಲಕ್ಷ ಕಿ.ಮೀ. ಸೆಕೆಂಡಿಗೆ 700 ಕಿ.ಮೀ. ಓಡುವ ಸಿಎಂಇ ಒಂದು ತ್ರಿಜ್ಯ ದಾಟಲು ಸಾವಿರ ಸೆಕೆಂಡ್, ಅಂದರೆ ಹದಿನೇಳು ನಿಮಿಷದ ಹತ್ತಿರ. ಈ ಲೆಕ್ಕ ತಲೆಯಲ್ಲಿದ್ದರೆ ಚುಕ್ಕೆಗಳನ್ನು ಓದುವುದು ಸಲೀಸು. ಚುಕ್ಕೆಗಳ ಮೂಲಕ ನೇರ ಗೆರೆ ಎಳೆದು ಹಿಂದಕ್ಕೆ ಚಾಚಿದರೆ ಅದು ಸೂರ್ಯನ ಮೇಲ್ಮೈ ಮುಟ್ಟಿದ್ದು ಎಂ ಜ್ವಾಲೆಯ ಹೊತ್ತಿಗೆ! "ನೋಡಿ, ಇದು ಕಲೆಗಳ ಗುಂಪಿನದೇ" ಅಂತ ಕ್ಯಾಮೆರಾದವರು ಟಿಪ್ಪಣಿಯ ಕರಡು ಬರೆಯಲು ಕೂತರು.

ಆಗ ಗ್ರಾಫ್ ಹಾಳೆಯನ್ನು ಹತ್ತಿರದಿಂದ ನೋಡಿದ್ದು ಇನ್ನೊಬ್ಬ ಹೊಸ ಹುಡುಗಿ. ಮೊದಲ ಚುಕ್ಕೆಗಳ ನಡುವಿನ ಅಂತರ ಕಡಿಮೆ, ಆಮೇಲಿನವುಗಳದ್ದು ಜಾಸ್ತಿ. ವೇಗ ಏರುತ್ತಾ ಹೋಗಿದೆ. ಹಾಗಿದ್ದರೆ ನೇರ ಗೆರೆ ಸರಿಯಲ್ಲ, ಬಾಗಿದ ಗೆರೆ ಬೇಕು. ಬಾಗಿದ ಗೆರೆ ಎಳೆದರೆ ಹೊರಟ ಹೊತ್ತು ಇನ್ನೂ ಹಿಂದಕ್ಕೆ ಹೋಗುತ್ತದೆ, ಫಿಲಮೆಂಟ್ ಅಳಿಸಲು ಶುರುವಾದ ಹೊತ್ತಿನ ಕಡೆಗೆ. ಫಿಲಮೆಂಟ್ ಸಿಡಿತಗಳು ಹೀಗೇ, ನಿಧಾನವಾಗಿ ಎದ್ದು ಆಮೇಲೆ ಓಟ ಹಿಡಿಯುತ್ತವೆ.

ಹೊತ್ತಿನ ಲೆಕ್ಕ ಒಂದರಿಂದಲೇ ತೀರ್ಮಾನ ಬೇಡ ಅಂತ ಸೂರ್ಯನನ್ನು ನೋಡುವ ಎಸ್‌ಡಿಓ ನೌಕೆಯ 193 ಆಂಗ್‌ಸ್ಟ್ರಾಮ್ ಚಿತ್ರಗಳನ್ನೂ ತೆಗೆದು ನೋಡಿದರು. ಈ ನೌಕೆ 12 ಸೆಕೆಂಡಿಗೊಮ್ಮೆ ಕರೋನಾದ ಚಿತ್ರ ತೆಗೆಯುತ್ತದೆ. ಫಿಲಮೆಂಟ್ ಇದ್ದ ಜಾಗದ ಅಕ್ಕಪಕ್ಕ ಕರೋನಾ ಕಪ್ಪಾಗಿತ್ತು, ಅಲ್ಲಿದ್ದ ವಸ್ತು ಹೊರಟುಹೋದ ಗುರುತು ಅದು. ನಡುವೆ ಕಮಾನುಗಳ ಸಾಲು ಎದ್ದು ನಿಂತಿತ್ತು. ಕಲೆಗಳ ಗುಂಪಿನ ಹತ್ತಿರ ಇಂಥ ಯಾವ ಗುರುತೂ ಇರಲಿಲ್ಲ. ಸಿಎಂಇ ಹೊರಟಿದ್ದು ನಮ್ಮ ಕಡೆ ಮುಖಮಾಡಿದ ಬಿಂಬದಿಂದ, ಅದೂ ಫಿಲಮೆಂಟಿನ ಜಾಗದಿಂದ. ಕರಡು ಹರಿದು ಬೇರೆ ಟಿಪ್ಪಣಿ ಬರೆದರು.

ಆ ಟಿಪ್ಪಣಿಯ ಭಾಷೆ ನನಗೆ ತುಂಬಾ ಹಿಡಿಸಿತು. ಎಂ ಜ್ವಾಲೆಯ ಪರಿಣಾಮ ಮುಗಿದಿದೆ. ಬೇರೆ ಜಾಗದಿಂದ ಒಂದು ಸಿಎಂಇ ಹೊರಟಿದೆ, ಎರಡರಿಂದ ನಾಲ್ಕು ದಿನದಲ್ಲಿ ತಲುಪಬಹುದು. ಬಿರುಗಾಳಿ ಎಷ್ಟು ಜೋರು ಅಂತ ಈಗ ಹೇಳಲು ಬರುವುದಿಲ್ಲ, ಅದರೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ಮಾತ್ರ ಭೂಮಿಯ ಕ್ಷೇತ್ರದ ಜೊತೆ ಕೂಡಿಕೊಂಡು ಗಲಾಟೆ ಎಬ್ಬಿಸುತ್ತದೆ. ಆ ದಿಕ್ಕು ತಿಳಿಯುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ನೌಕೆಗಳನ್ನು ಅದು ದಾಟುವಾಗ, ಅಂದರೆ ಬರುವುದಕ್ಕೆ ಒಂದು ಗಂಟೆ ಅಥವಾ ಅದಕ್ಕೂ ಕಡಿಮೆ ಹೊತ್ತಿಗೆ ಮುಂಚೆ. ಸೋಹೋ ಇರುವುದೂ, ನಮ್ಮ ಆದಿತ್ಯ-ಎಲ್1 2024ರ ಜನವರಿಯಿಂದ ಸುತ್ತುತ್ತಿರುವುದೂ ಆ ಬಿಂದುವಿನ ಬಳಿಯೇ.

ಮೂರನೇ ದಿನ ಸೌರ ಮಾರುತದ ವೇಗ ಎಲ್1ರಲ್ಲಿ ದಿಢೀರನೆ ಜಿಗಿಯಿತು. ಆದರೆ ಕಾಂತಕ್ಷೇತ್ರ ಉತ್ತರಕ್ಕೆ ಮುಖ ಮಾಡಿತ್ತು. ಗಂಟೆಗಟ್ಟಲೆ ಹಾಗೇ ಇತ್ತು. ರೇಡಿಯೋ ಗುಂಪಿನಲ್ಲಿ ಕೆಲವರು "ಏನೂ ಆಗಲಿಲ್ಲ" ಅಂತ ಮಲಗಲು ಹೋದರು. ಹಿರಿಯ ವೀಕ್ಷಕಿ ಇನ್ನೊಂದು ಸಾಲು ಕಳಿಸಿದರು: ಮೋಡ ಇನ್ನೂ ಪೂರ್ತಿ ದಾಟಿಲ್ಲ, ಕಾಯಿರಿ. ಇಂಥ ಮೋಡದೊಳಗಿನ ಕಾಂತಕ್ಷೇತ್ರ ಹುರಿಯಾಗಿ ಸುತ್ತಿಕೊಂಡಿರುತ್ತದೆ. ಅದು ದಾಟುತ್ತಾ ಹೋದಂತೆ ದಿಕ್ಕು ತಿರುಗಬಹುದು. ಹಿಂಭಾಗ ಬರುವಾಗ ಅದು ದಕ್ಷಿಣಕ್ಕೆ ತಿರುಗಿತು. ಮಧ್ಯಮ ಮಟ್ಟದ ಬಿರುಗಾಳಿ ಎದ್ದಿತು. ದೂರದ ಸಂಪರ್ಕ ಹದಗೆಟ್ಟಿದ್ದನ್ನು ಎಚ್ಚರವಿದ್ದ ರೇಡಿಯೋದವರು ದಾಖಲಿಸಿದರು.

ತಂಡ ಬದಲಿಸಿಕೊಂಡಿದ್ದು

ಎಂ ಎಚ್ಚರಿಕೆ ಬಂದ ಕೂಡಲೇ ದೊಡ್ಡ ಟೆಲಿಸ್ಕೋಪ್ ಆ ಕಡೆ ಹೋಗಬೇಕು ಅನ್ನುವ ನಿಯಮ ಈಗ ಇಲ್ಲ. ಎಚ್ಚರಿಕೆ ಬಂದಾಗ ಇಡೀ ಬಿಂಬವನ್ನು ಒಮ್ಮೆ ನೋಡಿ, ಬೇರೆಡೆ ಏನಾದರೂ ನಡೆಯುತ್ತಿದೆಯಾ ಅಂತ ಖಚಿತ ಮಾಡಿಕೊಂಡು ಹೋಗುತ್ತಾರೆ. ಇಡೀ ಬಿಂಬ ನೋಡುವ ಪಾಳಿಯನ್ನು ಈಗ ಅನುಭವಿಗಳೂ ಹಂಚಿಕೊಂಡಿದ್ದಾರೆ. ಈ ಬದಲಾವಣೆ ನನಗೆ ಬಹಳ ಸರಿ ಅನ್ನಿಸಿತು. ಈ ಘಟನೆಯನ್ನು ಮೊದಲು ಕಂಡ ಕಣ್ಣು ತಂಡದ ಅತಿ ಕಿರಿಯನದು, ಹಾಗೆಂದು ಆ ಜಾಗವನ್ನು ಯಾವಾಗಲೂ ಕಿರಿಯರಿಗೇ ಬಿಡುವುದು ಸರಿಯಲ್ಲ.

ದಾಖಲೆ ಪುಸ್ತಕದಲ್ಲಿ ಜ್ವಾಲೆಗೆ ಒಂದು ಪುಟ, ಸಿಡಿತಕ್ಕೆ ಇನ್ನೊಂದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವುದಿಲ್ಲ. ಎರಡಕ್ಕೂ ನಂಟಿದೆ ಅಂತ ಬರೆಯಬೇಕಾದರೆ ಜಾಗ ಮತ್ತು ಹೊತ್ತು ಎರಡೂ ಹೊಂದಿರಬೇಕು.

ಇನ್ನು ಟ್ಯೂನಿಂಗ್. ಉದ್ದ ಫಿಲಮೆಂಟ್ ಬಿಂಬದ ಮೇಲಿರುವ ದಿನಗಳಲ್ಲಿ ಅವರು ಆಗಾಗ ಫಿಲ್ಟರನ್ನು ನಡುವಿನಿಂದ ನೀಲಿ ಕಡೆಗೆ ಒಯ್ದು, ಒಂದು ಚಿತ್ರ ತೆಗೆದು, ಮತ್ತೆ ನಡುವಿಗೆ ತರುತ್ತಾರೆ. ಮಾಡಿ ನೋಡುವವರಿಗೆ ಎರಡು ಮಾತು. ತಿರುಪಿನ ಮೇಲೆ ನಡುವಿನ ಜಾಗಕ್ಕೆ ಒಂದು ಗುರುತು ಹಾಕಿಟ್ಟುಕೊಳ್ಳಿ. ಬಿಸಿಲು ಏರಿದಂತೆ ಆ ಜಾಗ ಸರಿಯುತ್ತದೆ, ಹಾಗಾಗಿ ಸುಮ್ಮನಿರುವ ಬೇರೊಂದು ಫಿಲಮೆಂಟ್ ಅತಿ ಕಪ್ಪಾಗಿ ಕಾಣುವ ಜಾಗ ನೋಡಿ ಗುರುತನ್ನು ಸರಿಪಡಿಸುತ್ತಿರಿ. ಇನ್ನೊಂದು, ಹೈಡ್ರೋಜನ್ ಆಲ್ಫಾ ಅಲೆಯುದ್ದದ ನಡುವಿಗಿಂತ ಪಕ್ಕದಲ್ಲಿ ಬೆಳಕು ಜಾಸ್ತಿ. ನೀಲಿ ಕಡೆಗೆ ಹೋದಾಗ ಕ್ಯಾಮೆರಾದ ಎಕ್ಸ್‌ಪೋಷರ್ ಇಳಿಸದಿದ್ದರೆ ಚಿತ್ರ ಬೆಳ್ಳಗಾಗಿ, ನೀವು ಹುಡುಕುತ್ತಿರುವ ಆ ತೆಳು ಕಪ್ಪು ಕಮಾನು ಅದರಲ್ಲೇ ಮುಚ್ಚಿಹೋಗುತ್ತದೆ.